ಕೋರ್ಟಿಗೆ ಹೋಗುವ ಮೊದಲು ಮಧ್ಯಸ್ಥಿಕೆ: ಕಡ್ಡಾಯ ಮಾಡಬೇಕಾ?

ಪರ: ಒಂದು ಸಲ ಕೂತು ಮಾತಾಡಿ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಮಾತು ಸುಮ್ನೆ ಹುಟ್ಟಿದ್ದಲ್ಲ. ವಾಯಿದೆ ಮೇಲೆ ವಾಯಿದೆ, ಆಮೇಲೆ ಅಪೀಲು, ಅದೂ ಮುಗಿದರೆ ಡಿಕ್ರಿ ಜಾರಿ ಮಾಡಿಸಲು ಇನ್ನೊಂದು ಅರ್ಜಿ. ಇಷ್ಟೆಲ್ಲ ಶುರುವಾಗುವ ಮೊದಲು ಒಮ್ಮೆ ಎದುರುಬದುರು ಕೂತು ಬನ್ನಿ ಅಂತ ಕಾನೂನು ಹೇಳಿದರೆ ತಪ್ಪೇನು?

ಕಡ್ಡಾಯ ಇರೋದು ಕೂರುವುದಕ್ಕೆ ಮಾತ್ರ. ಒಪ್ಪೋದು ಬಿಡೋದು ನಿಮ್ಮಿಷ್ಟ. ಮಧ್ಯಸ್ಥಗಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಇಬ್ಬರನ್ನೂ ಒಟ್ಟಿಗೆ ಕೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆದು ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ.

ಮೇಲಿನ ಮನೆಯ ಬಚ್ಚಲ ನೀರು ಕೆಳಗಿನ ಮನೆಯ ಗೋಡೆಗೆ ಇಳಿಯುತ್ತಿದೆ ಅಂತಿಟ್ಟುಕೊಳ್ಳಿ. ದಾವೆಯಲ್ಲಿ ಬರೆಯೋದು ಪರಿಹಾರದ ಮೊತ್ತ. ಆ ಬೇರೆ ಕೋಣೆಯಲ್ಲಿ ಹೊರಬರೋದು, ಎಷ್ಟು ಸಲ ಬಾಗಿಲು ತಟ್ಟಿದರೂ ಮೇಲಿನವರು ತೆಗೆಯಲೇ ಇಲ್ಲ ಅನ್ನೋ ಸಿಟ್ಟು. ಮೇಲಿನವರಿಗೋ, ನೆಲ ಅಗೆದರೆ ಮನೆಮಂದಿಯೆಲ್ಲ ಸ್ನಾನಕ್ಕೆ ಎಲ್ಲಿ ಹೋಗಬೇಕು ಅನ್ನೋ ಚಿಂತೆ. ಕೊನೆಗೆ ಹಾಳೆಯ ಮೇಲೆ ಬರೋದು ಇಷ್ಟು: ಪೈಪು ಯಾರು ಬದಲಿಸಬೇಕು, ಯಾವ ತಾರೀಕಿನೊಳಗೆ, ಪ್ಲಂಬರನ್ನು ಯಾರು ಕರೆಯಬೇಕು, ಗೋಡೆಗೆ ಬಣ್ಣ ಬಳಿಸುವ ಖರ್ಚು ಯಾರದು. ಇಂಥ ತೀರ್ಪನ್ನು ಯಾವ ಜಡ್ಜ್ ಬರೆಯುತ್ತಾರೆ? ಬರೆಯೋಕೆ ಅವರಿಗೆ ಪುರುಸೊತ್ತಾದರೂ ಎಲ್ಲಿದೆ?

ಹಾಗಾದರೆ ಅವರವರೇ ಹೋಗಲಿ, ಬಲವಂತ ಯಾಕೆ ಅಂತೀರಾ? ಮೊದಲು ರಾಜಿಗೆ ಕರೆದವನ ಕೇಸೇ ಪೊಳ್ಳು ಅಂತ ಎದುರಿನವರು ಅಂದುಕೊಳ್ಳುತ್ತಾರೆ, ಅದಕ್ಕೇ ಇಬ್ಬರೂ ಕರೆಯಲ್ಲ. ಕಾನೂನೇ ಕರೆದರೆ ಯಾರ ಮುಖವೂ ಕೆಳಗಾಗಲ್ಲ. ಇಂಗ್ಲೆಂಡಿನ ಅಪೀಲು ಕೋರ್ಟ್ 2004ರಲ್ಲಿ, ಮನಸ್ಸಿಲ್ಲದವರನ್ನು ಹೀಗೆ ಕಳಿಸುವಂತಿಲ್ಲ ಅಂದಿತ್ತು. 2023ರಲ್ಲಿ, ಸ್ಥಳೀಯ ಸಂಸ್ಥೆಯ ಜಾಗದಿಂದ ಪಕ್ಕದ ಮನೆಯವರ ಜಾಗಕ್ಕೆ ಕಳೆ ಗಿಡ ಹಬ್ಬಿದ ಕೇಸಿನಲ್ಲಿ, ವಿಚಾರಣೆಯ ಹಕ್ಕಿಗೆ ಧಕ್ಕೆ ಬರದಿದ್ದರೆ ಕಳಿಸಬಹುದು ಅಂತ ಅದೇ ಕೋರ್ಟ್ ಹೇಳಿತು.

ವಿರೋಧ: ಎಳೆಯೋರಿಗೆ ಇನ್ನೊಂದು ಹಗ್ಗ

ಬಚ್ಚಲ ನೀರಿನ ಜಗಳಕ್ಕೆ ಇದೆಲ್ಲ ಸರಿ. ಆದರೆ ಕೊಡಬೇಕಾದ ದುಡ್ಡನ್ನು ಇಟ್ಟುಕೊಂಡು ಕೂತವನಿಗೆ ಏನು ಆತುರ ಹೇಳಿ? ಒಂದೊಂದು ತಿಂಗಳು ಕಳೆದಷ್ಟೂ ಅವನಿಗೇ ಲಾಭ, ಅಲ್ವಾ?

ಭಾರತದಲ್ಲಿ ವಾಣಿಜ್ಯ ವ್ಯಾಜ್ಯಗಳಿಗೆ 2018ರಲ್ಲೇ ಇದನ್ನು ತಂದರು. ತುರ್ತಾಗಿ ಮಧ್ಯಂತರ ಆದೇಶ (ಕೇಸು ಮುಗಿಯುವ ಮೊದಲೇ ಕೊಡುವ ತಾತ್ಕಾಲಿಕ ಆದೇಶ) ಬೇಡದಿದ್ದರೆ ಮೊದಲು ಮಧ್ಯಸ್ಥಿಕೆ, ಆಮೇಲೆ ದಾವೆ. ಅವಧಿ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೂ 2 ತಿಂಗಳು. ಹಾಗೆ ಬರದ ದಾವೆಯನ್ನು ತಿರಸ್ಕರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಎದುರಿನವನು ಏನು ಮಾಡಬಹುದು? ನೋಟಿಸಿಗೆ ಉತ್ತರ ಕೊಡದೆ ಕೂರಬಹುದು. ಶುರುವೇ ಆಗಲಿಲ್ಲ ಅಂತ ಒಂದು ವರದಿ ಕೈಗೆ ಬರುತ್ತದೆ. ಅದನ್ನು ಹಿಡಿದು ನೀವು ಮತ್ತೆ ಮೊದಲಿಂದ ಕೋರ್ಟಿಗೆ ಹೋಗಿ. ಇದನ್ನು ತಪ್ಪಿಸಿಕೊಳ್ಳಲು, ಅವಸರ ಇಲ್ಲದಿದ್ದರೂ ದಾವೆಯ ಜೊತೆ ಒಂದು ತಡೆಯಾಜ್ಞೆ ಅರ್ಜಿ ಸಿಕ್ಕಿಸುವ ಉಪಾಯವೂ ಹುಟ್ಟಿಕೊಂಡಿತು. ಅದು ನಿಜವಾದ ಅವಸರವೋ ಬರೀ ವೇಷವೋ ನೋಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ಹೊರೆ ಇಳಿಸಲು ತಂದ ನಿಯಮದ ಮೇಲೇ ಹೊಸ ವಾದ ಶುರು!

ನನಗೆ ಇದಕ್ಕಿಂತ ಜಾಸ್ತಿ ಕಾಡೋದು ಕೋಣೆಯೊಳಗಿನ ಎತ್ತರ ತಗ್ಗು. ಒಂದು ಕಡೆ ಆಸ್ತಿಯಲ್ಲಿ ಪಾಲು ಕೇಳಿದ ತಂಗಿ, ಇನ್ನೊಂದು ಕಡೆ ಮೂವರು ಅಣ್ಣಂದಿರು. "ಕೋರ್ಟಿಗೆ ಹೋದರೆ ತವರು ಮರೆತುಬಿಡು" ಅಂತ ಮನೆಯಲ್ಲೇ ಹೇಳಿ ಕರೆತಂದಿರುತ್ತಾರೆ. ಮಧ್ಯಸ್ಥಗಾರರು ಯಾರ ಪರವೂ ಇರಬಾರದಲ್ಲ, ಹಾಗಾಗಿ "ಅಮ್ಮ, ನಿನಗೆ ಬರಬೇಕಾದ್ದು ಇದಕ್ಕಿಂತ ಜಾಸ್ತಿ" ಅಂತ ವಕೀಲರ ಹಾಗೆ ಹೇಳುವಂತಿಲ್ಲ. ಅವಳು ಸಹಿ ಹಾಕುತ್ತಾಳೆ. ಕಡತದಲ್ಲಿ ಅದು ಇಬ್ಬರೂ ಒಪ್ಪಿ ಮುಗಿದ ಕೇಸು.

ಇನ್ನು ಗುಟ್ಟಿನ ವಿಷಯ. ಒಬ್ಬ ಬಿಲ್ಡರ್ ಹತ್ತಾರು ಜನರಿಗೆ ಒಂದೇ ಥರ ಮೋಸ ಮಾಡಿದ್ದಾನೆ ಅಂದುಕೊಳ್ಳಿ. ಒಬ್ಬೊಬ್ಬರನ್ನೇ ಕೂರಿಸಿ, ಚೌಕಾಸಿ ಮಾಡಿ, ಯಾರಿಗೂ ಹೇಳಬಾರದು ಅಂತ ಬರೆಸಿಕೊಂಡು ಕಳಿಸಿದರೆ, ಮುಂದಿನ ಖರೀದಿದಾರರಿಗೆ ಓದೋಕೆ ಒಂದು ತೀರ್ಪೂ ಸಿಗಲ್ಲ. ಅವನು ಅದೇ ಕರಾರುಪತ್ರ ಮುಂದಿಟ್ಟು ಮುಂಗಡ ತಗೊಳ್ತಾನೆ.