ಆನೆ ಹೊರಟಿದೆ, ಬಾಳೆ ಜೋಪಾನ

ನಮ್ಮ ತೋಟದಲ್ಲಿ ಮೊಬೈಲಿಗೆ ಎರಡು ಕಡ್ಡಿ ನೆಟ್‌ವರ್ಕ್ ಸಿಗುವುದು ಏರಿನ ಮೇಲಿನ ಹಲಸಿನ ಮರದಡಿ ಮಾತ್ರ. ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳ ಒಂದು ಬೆಳಿಗ್ಗೆ, ರಾತ್ರಿಯಿಡೀ ಕರೆಂಟಿಲ್ಲದೆ ಕಳೆದ ಮೇಲೆ, ಅಲ್ಲಿಗೆ ಹೋಗಿ ನಿಂತೆ. ಟಣ್ ಟಣ್ ಎಂದು ಮೂರು ಸಂದೇಶಗಳು ಒಟ್ಟಿಗೆ ಬಂದು ಬಿದ್ದವು. ಮೂರರದ್ದೂ ಒಂದೇ ಮಾತು: ‘ಆನೆ ಹಿಂಡು ನಿಮ್ಮ ಕಡೆ ಬರುತ್ತಿದೆ, ಎಚ್ಚರ.’ ಕಳಿಸಿದ ಹೊತ್ತು ಹಿಂದಿನ ಸಂಜೆ ಏಳು ಮುಕ್ಕಾಲು. ಓದುವಾಗ ನನ್ನ ಬಲಗಾಲು ಲದ್ದಿಯೊಳಗಿತ್ತು. ಗಂಬೂಟಿನ ಮೂಲಕವೂ ಅದರ ಬಿಸಿ ತಿಳಿಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಓಡುತ್ತಿದ್ದರು. ನಾನು ಹಿಗ್ಗಿನಿಂದ ಅಲ್ಲೇ ನಿಂತೆ. ಏಕೆಂದರೆ ಈ ಸಂದೇಶವನ್ನು ನಾನು 1988ರಲ್ಲೇ ಬರೆದಿದ್ದೆ.

ಆಗ ನಾನು ಸಿದ್ದಾಪುರದ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರು. ಮಕ್ಕಳಿಗೆಂದು ಒಂದು ಕತೆ ಕಟ್ಟಿದೆ. ಹಿಂಡಿನ ಯಜಮಾನಿ ಆನೆಯ ಕೊರಳಿಗೆ ಒಂದು ಗಂಟೆ. ಅದು ಕಾಡಿನಲ್ಲಿ ಅಲ್ಲಾಡಿದರೆ ಅಂಚೆ ಕಚೇರಿಯಲ್ಲಿ ಸದ್ದಾಗುತ್ತದೆ. ಪೋಸ್ಟ್‌ಮಾಸ್ಟರು ಊರೂರಿಗೆ ತಂತಿ ಕಳಿಸುತ್ತಾರೆ: ‘ಆನೆ ಹೊರಟಿದೆ, ಬಾಳೆ ಜೋಪಾನ.’ ಪತ್ರಿಕೆಗೆ ಕಳಿಸಿದೆ. ಹದಿನೈದೇ ದಿನದಲ್ಲಿ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಕಲ್ಪನೆಗೂ ಒಂದು ಮಿತಿ ಬೇಡವೇ?’

ಈಗ ಏನಾಗಿದೆ ನೋಡಿ. ಕೊಡಗಿನ ತೋಟಗಳಲ್ಲಿ ಓಡಾಡುವ ಕೆಲವು ಹೆಣ್ಣಾನೆಗಳ ಕೊರಳಲ್ಲಿ ರೇಡಿಯೋ ಕಾಲರ್ ಇದೆ. ಹಿಂಡು ಹಿರಿಯ ಹೆಣ್ಣಾನೆಯ ಹಿಂದೆ ನಡೆಯುವುದರಿಂದ ಅವಳೊಬ್ಬಳಿಗೆ ಕಟ್ಟಿದರೆ ಇಡೀ ಸಂಸಾರದ ವಿಳಾಸ ಸಿಕ್ಕಂತೆ. ಉಪಗ್ರಹಗಳ ಸಂಕೇತ ಹಿಡಿದು ಕಾಲರ್ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ, ಸುದ್ದಿ ನಮ್ಮ ಜೇಬಿಗೆ ಬರುತ್ತದೆ. ಪೋಸ್ಟ್‌ಮಾಸ್ಟರರನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ. ತಂತಿಯಂತೂ 2013ರಲ್ಲಿ ದೇಶದಲ್ಲೇ ನಿಂತುಹೋಯಿತು.

ದೊಡ್ಡವರಿಗೂ ಹೀಗೆ ಆಗಿದೆ. ಫ್ರೆಂಚ್ ಕಾದಂಬರಿಕಾರ ಜೂಲ್ ವರ್ನ್ 1865ರ ತನ್ನ ಕಾದಂಬರಿಯಲ್ಲಿ ಮೂವರನ್ನು ಫ್ಲಾರಿಡಾದಿಂದ ಚಂದ್ರನತ್ತ ಹಾರಿಸಿದ. 1969ರಲ್ಲಿ ಮೂವರು ಫ್ಲಾರಿಡಾದಿಂದಲೇ ಹೊರಟರು. ಅವನು ಫಿರಂಗಿಯಲ್ಲಿಟ್ಟು ಹಾರಿಸಿದ್ದ. ನಿಜವಾಗಿ ಹಾಗೆ ಮಾಡಿದ್ದರೆ ಮೂವರೂ ಫಿರಂಗಿಯ ಬಾಯಿ ದಾಟುವ ಮೊದಲೇ ಚಟ್ನಿಯಾಗುತ್ತಿದ್ದರು, ಇರಲಿ. ಇಂಗ್ಲಿಷ್ ವಿಜ್ಞಾನ ಕತೆಗಾರ ಆರ್ಥರ್ ಕ್ಲಾರ್ಕನದು ಇನ್ನೂ ಸೊಗಸು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವನ್ನಿಟ್ಟರೆ ಅದು ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತಿರುತ್ತದೆ, ಅಂಥ ಮೂರಿದ್ದರೆ ಲೋಕಕ್ಕೆಲ್ಲ ಪ್ರಸಾರ ಮಾಡಬಹುದು ಎಂದು 1945ರಲ್ಲಿ ಬರೆದ. 1964ರಲ್ಲಿ ಅಂಥದ್ದೊಂದು ಮೇಲೇರಿಯೇಬಿಟ್ಟಿತು. ನಮ್ಮ ದೇಶದ ಅಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಪಕ್ಕದ ಹಾಸನದಲ್ಲೇ ಇದೆ.

ಇದ್ದು ಏನು ಪ್ರಯೋಜನ ಎಂಬುದು ನನ್ನ ಹೆಂಡತಿಯ ಪ್ರಶ್ನೆ. ಅಷ್ಟು ದೂರದಿಂದ ಕ್ಷೇಮವಾಗಿ ಬಂದ ಟಿ.ವಿ. ಧಾರಾವಾಹಿ, ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಮೋಡಕ್ಕೆ ಸಿಕ್ಕಿ ನೆನೆದುಹೋಗುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದದ ಆ ಅಲೆಗಳನ್ನು ಜೋರು ಮಳೆಯ ಹನಿಗಳು ಹೀರಿ ಚದುರಿಸುತ್ತವೆ ಎಂದು ವಿವರಿಸಿದೆ.

“ಸೊಸೆ ಪೆಟ್ಟಿಗೆಯ ಬೀಗ ತೆಗೆಯುವ ಹೊತ್ತಿಗೇ ಚದುರಿಸಬೇಕೇ?” ಎಂದಳು. “ಆ ಪುಣ್ಯಾತ್ಮ ಒಂದು ಮಳೆಗಾಲ ನೋಡಿದ್ದರೆ ತಾನೇ!”

“ಆಮೇಲೆ ಅವನು ಶ್ರೀಲಂಕಾದಲ್ಲೇ ಇದ್ದ. ಅಲ್ಲಿಯೂ ಮಳೆಗೇನೂ ಬರವಿಲ್ಲ.”

“ಬರೆದಾದ ಮೇಲೆ ನೋಡಿ ಏನು ಮಾಡುವುದು?”

ಹಲಸಿನ ಮರದಡಿ ನನಗೆ ಈ ಮಾತೇ ನೆನಪಾಯಿತು. ನೆಲದ ಮೇಲೆ ಸೀಳಿದ ಹಣ್ಣಿನ ಸಿಪ್ಪೆ, ತೊಳೆಗಳನ್ನು ನಾಜೂಕಾಗಿ ಖಾಲಿ ಮಾಡಿದ್ದ ಗುರುತು. ಪಕ್ಕದಲ್ಲಿ ನೀರು ತುಂಬಿದ, ಬೆತ್ತದ ಮೊರದಷ್ಟು ಅಗಲದ ಒಂದೇ ಸಾಲು ಹೆಜ್ಜೆ. ಸಂದೇಶದಲ್ಲಿದ್ದ ಹಿಂಡು ನಮ್ಮಲ್ಲಿಗೆ ಬಂದಿರಲೇ ಇಲ್ಲ. ಬಂದು ಹೋಗಿದ್ದವನು ಕಾಲರಿಲ್ಲದ ಒಂಟಿ ಸಲಗ, ಯಾರಿಗೂ ವಿಳಾಸ ಕೊಡದ ಬ್ರಹ್ಮಚಾರಿ.

ಹಿಂಡು ಎಲ್ಲಿಗೆ ಹೋಗಿತ್ತೆಂಬುದು ಕೊಡೆ ಹಿಡಿದು ಏರು ಹತ್ತಿ ಬಂದ ಪಕ್ಕದ ತೋಟದ ನಿವೃತ್ತ ಸುಬೇದಾರರ ಮುಖದಲ್ಲೇ ಕಾಣುತ್ತಿತ್ತು.

“ಮೇಷ್ಟ್ರೇ, ಸಂದೇಶ ಬಂತೇ?”

“ಈಗ ಬಂತು.”

“ನನಗೆ ಆನೆಗಳೇ ಮೊದಲು ಬಂದವು. ಒಂದು ಬಾಳೆ ಉಳಿದಿಲ್ಲ.”

ಸುಮ್ಮನಿರಬೇಕಿತ್ತು. ಆದರೆ ಲೇಖಕನ ಚಪಲ; ನನ್ನ ಹಳೆಯ ಕತೆಯನ್ನು ಗಂಟೆಯಿಂದ ತಂತಿಯವರೆಗೆ ಹೇಳಿಬಿಟ್ಟೆ. ಜವಾನನೊಬ್ಬ ರಜೆಗೆ ಕೊಡುವ ಕಾರಣವನ್ನು ಕೇಳುವ ಹಾಗೆ ಅವರು ಕೇಳಿದರು.

“ತಂತಿ ಎಷ್ಟು ಹೊತ್ತಿಗೆ ತಲುಪುತ್ತಿತ್ತು?”

“ಅದನ್ನು ಬರೆದಿರಲಿಲ್ಲ.”

“ಅದೊಂದನ್ನು ಬರೆದಿದ್ದರೆ ನನ್ನ ಬಾಳೆ ಉಳಿಯುತ್ತಿತ್ತು,” ಎಂದು ಕೊಡೆಯ ನೀರು ಕೊಡವಿದರು. “ಈಗಲಾದರೂ ಇನ್ನೊಂದು ಕತೆ ಬರೆಯಿರಿ. ಕೊಡಗಿನಲ್ಲಿ ಮಳೆ ಹೊಡೆಯುತ್ತದೆ, ಆದರೂ ಕರೆಂಟ್ ಹೋಗುವುದಿಲ್ಲ ಎಂದು.”

“ಸುಬೇದಾರರೇ,” ಎಂದೆ, “ಕಲ್ಪನೆಗೂ ಒಂದು ಮಿತಿ ಬೇಡವೇ?”