ಚೀಟಿ ಬರೆದವರು ಮನೆಯಲ್ಲಿ, ಬೈಸಿಕೊಳ್ಳುವವರು ಕೌಂಟರಿನಲ್ಲಿ

ಬರೆಯಬಾರದು ಅಂದುಕೊಂಡಿದ್ದೆ. ಮನೆಗೆ ಬಂದು ಮುಖ ತೊಳೆದು ಕೂತರೂ ತಲೆಬಿಸಿ ಇಳಿಯಲಿಲ್ಲ. ಇನ್ನು ನಿಮ್ಮ ತಲೆ ತಿನ್ನದೆ ವಿಧಿಯಿಲ್ಲ.

ನನ್ನ ಹಳೇ ಸಾಮಾನಿನ ಹುಚ್ಚು ನಿಮಗೆ ಹೊಸದಲ್ಲ. ಬಿಡುವು ಸಿಕ್ಕರೆ ಸಾಕು, ಆಂಟಿಕ್ ಮಾಲ್‌ಗೆ ಹೋಗಿ ಗಾಜಿನ ಕಪಾಟಿಗೆ ಮೂಗು ಒತ್ತಿಕೊಂಡು ನಿಲ್ಲುವ ಆಸಾಮಿ ನಾನು. ಕೊಳ್ಳುವುದು ಕಡಿಮೆ, ನೋಡುವುದು ಜಾಸ್ತಿ. (ಮನೆಯಲ್ಲಿ ಜಾಗ ಇಲ್ಲ ಅನ್ನುವುದು ಹೊರಗೆ ಹೇಳುವ ಕಾರಣ. ಅಸಲಿ ಕಾರಣ ಜೇಬು.) ಇವತ್ತೂ ಹಾಗೇ ಹೋದೆ. ನೆಮ್ಮದಿಯಾಗಿ ಒಂದು ಕಪಾಟು ನೋಡುವ ಯೋಗವೂ ಇರಲಿಲ್ಲ.

ಕೌಂಟರಿನ ಮುಂದೆ ಒಬ್ಬ ಮಹಾಶಯರು. ಕಂಕುಳಲ್ಲಿ ಗೋಡೆ ಗಡಿಯಾರ, ಕೀಲಿ ಕೊಡುವಂಥದ್ದು, ಕೆಳಗೆ ಹಿತ್ತಾಳೆಯ ಪೆಂಡುಲಮ್. ಕೆಲವು ದಿನದ ಹಿಂದೆ ಅಲ್ಲೇ ಕೊಂಡದ್ದಂತೆ. ಅಂಗಡಿಯಲ್ಲಿ ಓಡುತ್ತಿತ್ತು, ಮನೆಯಲ್ಲಿ ನಿಂತುಹೋಯಿತು, ಮೋಸ ಮಾಡಿದ್ದೀರಿ, ದುಡ್ಡು ವಾಪಸ್ ಕೊಡಿ. ಕೇಳುವುದರಲ್ಲಿ ತಪ್ಪಿಲ್ಲ, ಕೇಳಲಿ. ಆದರೆ ಆ ದನಿ ಬಾಗಿಲ ತನಕ ಕೇಳಿಸುತ್ತಿತ್ತು. ಎದುರಿಗಿದ್ದದ್ದು ಇಪ್ಪತ್ತರ ಆಸುಪಾಸಿನ ಒಂದು ಹುಡುಗಿ.

ಅವಳು ಎದುರುತ್ತರ ಕೊಡಲಿಲ್ಲ. ಗಡಿಯಾರವನ್ನು ಮೆತ್ತಗೆ ತಗೊಂಡು, ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿ, ಬಾಗಿಲು ತೆಗೆದಳು. "ಸರ್, ಒಯ್ಯುವಾಗ ಪೆಂಡುಲಮ್ ಬಿಚ್ಚಿದ್ರಾ?"

"ಅದನ್ಯಾಕೆ ಬಿಚ್ಚಬೇಕು?"

ಅಲ್ಲಿಗೆ ಕತೆ ಮುಗಿಯಿತು. ಇಂಥ ಗಡಿಯಾರದಲ್ಲಿ ಪೆಂಡುಲಮ್ ನೇತಾಡುವುದು ಒಂದು ತೆಳು ಉಕ್ಕಿನ ಪಟ್ಟಿಯಿಂದ. ಬ್ಲೇಡಿನ ಹಾಗಿರುತ್ತದೆ. ಪೆಂಡುಲಮ್ ಬಿಚ್ಚದೆ ಗಾಡಿಯಲ್ಲಿ ಹಾಕಿಕೊಂಡು ಹೋದರೆ ಅದು ಅತ್ತಿತ್ತ ಹೊಡೆದಾಡಿ ಆ ಪಟ್ಟಿ ತಿರುಚಿಕೊಳ್ಳುತ್ತದೆ, ಇಲ್ಲವೇ ಮುರಿಯುತ್ತದೆ. ಇಲ್ಲಿ ತಿರುಚಿಕೊಂಡಿತ್ತು, ನಾನಿದ್ದ ಕಡೆಗೇ ಕಾಣುತ್ತಿತ್ತು. ಹುಡುಗಿ ಬೆರಳು ಇಟ್ಟು ತೋರಿಸಿದಳು. "ಬಿಲ್ ಮಾಡುವಾಗ ಹೇಳಿದ್ದೆ ಸರ್, ಬಿಚ್ಚಿ ಕಾಗದ ಸುತ್ತಿ ಕೊಡ್ತೀನಿ ಅಂದೆ. ನೀವು ಟೈಮಿಲ್ಲ ಅಂದ್ರಿ."

ನಿಜ ಹೇಳಿದ್ದೇ ತಪ್ಪಾಯಿತು ನೋಡಿ. "ನನಗೇ ಪಾಠ ಹೇಳ್ತೀಯಾ? ನೀನು ಸಂಬಳಕ್ಕಿರೋಳು. ನಿಂಗೇನು ಗೊತ್ತು? ಓನರ್‌ನ ಕರಿ."

ಬಂದರು, ಒಳಗಿನ ಕೋಣೆಯಿಂದ ಮ್ಯಾನೇಜರ್ ಸಾಹೇಬರು ಬಂದರು. ಏನು ನಡೆಯಿತು ಅಂತ ಕೇಳಲಿಲ್ಲ. ಗಡಿಯಾರದ ಕಡೆ ಕಣ್ಣೂ ಹಾಯಿಸಲಿಲ್ಲ. ಗಿರಾಕಿಗೆ ಹಲ್ಲು ಕಿಸಿದು "ಸಾರಿ ಸರ್, ಹೊಸ ಹುಡುಗಿ" ಅಂದು, ಅವಳ ಕಡೆ ತಿರುಗಿ, ಎಲ್ಲರೆದುರು, "ವಾದ ಮಾಡಬೇಡ ಅಂತ ಎಷ್ಟು ಸಲ ಹೇಳಬೇಕು ನಿಂಗೆ? ಡೀಲರ್ ಒಪ್ಪದಿದ್ದರೆ ನಿನ್ನ ಲೆಕ್ಕದಲ್ಲಿ ಹಿಡೀತೀನಿ."

ಹೊಸ ಹುಡುಗಿಯಂತೆ! ನಾನು ಅಲ್ಲಿಗೆ ಹೋಗಲು ಶುರುಮಾಡಿದಾಗಿಂದ ಅವಳು ಅಲ್ಲೇ ಇದ್ದಾಳೆ. ಇವರನ್ನು ನೋಡಿದ್ದು ಇದೇ ಮೊದಲು.

ಈ ವ್ಯಾಪಾರ ಗೊತ್ತಿಲ್ಲದವರಿಗೆ ಒಂದು ಮಾತು. ಆಂಟಿಕ್ ಮಾಲ್ ಅಂದರೆ ಒಬ್ಬರ ಅಂಗಡಿ ಅಲ್ಲ. ಒಂದು ದೊಡ್ಡ ಹಾಲು, ಅದನ್ನು ಕೋಣೆಕೋಣೆಯಾಗಿ, ಕಪಾಟುಕಪಾಟಾಗಿ ಬೇರೆಬೇರೆ ಡೀಲರ್‌ಗಳಿಗೆ ತಿಂಗಳ ಬಾಡಿಗೆಗೆ ಕೊಟ್ಟಿರುತ್ತಾರೆ. ಎಷ್ಟೋ ಕಡೆ ಬಾಡಿಗೆಯ ಮೇಲೆ ಮಾರಾಟದಲ್ಲಿ ಕಮಿಷನ್ನೂ ಉಂಟು. ಸಾಮಾನು ತಂದಿಡುವವರು ಡೀಲರ್. ಬೆಲೆ ಹಾಕುವವರು ಡೀಲರ್. "ಚೆನ್ನಾಗಿ ಓಡುತ್ತದೆ" ಅಂತ ಚೀಟಿಯಲ್ಲಿ ಬರೆಯುವವರೂ ಡೀಲರ್. ಬರೆದು, ಕಟ್ಟಿ, ಮನೆಗೆ ಹೋಗುತ್ತಾರೆ. "ಮಾರಿದ ಸಾಮಾನು ವಾಪಸ್ ಇಲ್ಲ" ಅಂತ ಬಿಲ್ಲಿನ ಹಿಂದೆ ಅಚ್ಚು ಹಾಕಿಸುವವರು ಮಾಲ್‌ನವರು. ಹಾಕಿಸಿ, ಒಳಗಿನ ಕೋಣೆಗೆ ಹೋಗುತ್ತಾರೆ. ಕೌಂಟರಿನಲ್ಲಿ ನಿಂತವಳ ಕೈಯಲ್ಲಿ ಉಳಿಯುವುದು ಬಿಲ್ ಪುಸ್ತಕ, ಕಪಾಟಿನ ಬೀಗದ ಕೈ ಗೊಂಚಲು, ಮತ್ತು ಬೈಗುಳ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವುದು ಇದಕ್ಕೇ.

ಚೌಕಾಶಿಯ ವಿಷಯಕ್ಕೇ ಬನ್ನಿ. "ಫೈನಲ್ ಎಷ್ಟು ಹೇಳು" ಅನ್ನುತ್ತೀರಿ. ಸಾಮಾನ್ಯವಾಗಿ ಅವಳ ಕೈಯಲ್ಲಿರುವುದು ನೂರಕ್ಕೆ ಹತ್ತು ಬಿಡುವ ಅಧಿಕಾರ, ಅದೂ ಡೀಲರ್ ಒಪ್ಪಿದ್ದರೆ. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಫೋನ್ ಹಚ್ಚಬೇಕು. ಡೀಲರ್ ಎತ್ತುವುದಿಲ್ಲ. ಎತ್ತಿದರೂ "ಆಗಲ್ಲ" ಅಂತ ಇಟ್ಟುಬಿಡುತ್ತಾರೆ. ಆ ಮಾತು ನಿಮಗೆ ಮುಟ್ಟಿಸಿದರೆ "ಇವಳೇ ನಾಟಕ ಆಡ್ತಿದಾಳೆ" ಅನ್ನುತ್ತೀರಿ. ಅವಳಿಗೇನು ಲಾಭ ಸ್ವಾಮಿ? ನೀವು ಕೊಂಡರೂ ಅದೇ ಸಂಬಳ, ಬಿಟ್ಟರೂ ಅದೇ ಸಂಬಳ. ಇನ್ನು ಕೆಲವರು ಮೊಬೈಲ್ ಹಿಡಿದು "ಆನ್‌ಲೈನಲ್ಲಿ ಇದರ ಅರ್ಧಕ್ಕಿದೆ" ಅನ್ನುತ್ತಾರೆ. ಇದ್ದರೆ ಅಲ್ಲೇ ತಗೊಳ್ಳಿ, ಯಾರು ಬೇಡ ಅಂದರು. ಮತ್ತೆ ಆ ಶಾಶ್ವತ ಡೈಲಾಗ್: "ನಮ್ಮಜ್ಜಿ ಮನೇಲಿ ಇಂಥವು ರಾಶಿ ಇದ್ದವು, ಎಲ್ಲ ಬಿಸಾಕಿದ್ವಿ." ಬಿಸಾಕಿದ್ದಕ್ಕೇ ತಾನೇ ಇವಕ್ಕೆ ಈ ಬೆಲೆ ಬಂದಿರುವುದು! ಆ ಹುಡುಗಿ ಇದನ್ನು ದಿನಕ್ಕೆ ಎಷ್ಟು ಸಲ ಕೇಳಿ ನಗಬೇಕೋ.

ಇನ್ನೊಂದು. ಆ ಹಾಲಿನ ತುಂಬ ಕುರ್ಚಿಗಳು. ಬೆತ್ತದ್ದು, ತೇಗದ್ದು, ತೂಗುವಂಥದ್ದು, ಕೈಯಿರುವುದು, ಕೈಯಿಲ್ಲದ್ದು. ಎಲ್ಲಿ ತಿರುಗಿದರೂ ಕುರ್ಚಿ. ಕೌಂಟರಿನ ಹಿಂದೆ ಮಾತ್ರ ಒಂದು ಸ್ಟೂಲೂ ಇಲ್ಲ. ಕೂತರೆ ಗಿರಾಕಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲವಂತೆ. ಮಾರಾಟದ ಕುರ್ಚಿಯಲ್ಲಿ ಕೂರುವುದಂತೂ ಮಹಾಪರಾಧ. ಬೆಳಗಿಂದ ಸಂಜೆ ತನಕ ಕುರ್ಚಿಗಳ ನಡುವೆ ನಿಂತೇ ಇರಬೇಕು, ನಡುನಡುವೆ ಅವುಗಳ ಧೂಳನ್ನೂ ಒರೆಸಬೇಕು.

ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಓದುವ ಕಾಲದಲ್ಲಿ ನಾನೂ ಒಂದು ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೆ. "ಓನರ್‌ನ ಕರಿ" ಅನ್ನುವ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ಮನೆಯವರಿಗೂ ಹೇಳಿಲ್ಲ ಇದನ್ನು. ಹೋಗಲಿ ಬಿಡಿ.

"ನಿಂಗೇನು ಗೊತ್ತು" ಅಂದರಲ್ಲ, ನನಗೆ ಉರಿದದ್ದು ಆ ಮಾತಿಗೆ. ನನಗೆ ಈ ವಿಷಯದಲ್ಲಿ ಏನಾದರೂ ಗೊತ್ತಿದ್ದರೆ ಅರ್ಧ ಕಲಿತದ್ದು ಇಂಥ ಕೌಂಟರುಗಳಲ್ಲಿ ನಿಂತವರಿಂದ. ಗೋಡೆ ಗಡಿಯಾರ ಕೊಳ್ಳುವಾಗ ಕಣ್ಣು ಮುಚ್ಚಿ ಕೇಳಿ ಅಂತ ಹೇಳಿಕೊಟ್ಟವಳು ಇದೇ ಹುಡುಗಿ. ಟಿಕ್‌ಗೂ ಟಾಕ್‌ಗೂ ನಡುವಿನ ಅಂತರ ಸಮ ಇರಬೇಕು, ಕುಂಟಿದರೆ ಗಡಿಯಾರ ಓರೆಯಾಗಿದೆ ಅಂತ ಅರ್ಥ, ಕೆಳಗಿನ ಅಂಚನ್ನು ಕೂದಲೆಳೆಯಷ್ಟು ಸರಿಸಿ ನೋಡಿ ಅಂದಿದ್ದಳು. ಮನೆಯಲ್ಲಿ ನಿಂತುಹೋದ ಎಷ್ಟೋ ಗಡಿಯಾರಗಳಿಗೆ ಇಷ್ಟೇ ಮದ್ದು. ಇನ್ನೊಂದು ಕಡೆ ಒಬ್ಬ ಹಿರಿಯರಿದ್ದರು, ಯಾವ ತಟ್ಟೆ ಕೇಳಿದರೂ ಮೊದಲು ಮಗುಚಿ ಬೆನ್ನು ತೋರಿಸುತ್ತಿದ್ದರು. "ಮೇಡ್ ಇನ್ ಆಕ್ಯುಪೈಡ್ ಜಪಾನ್" ಅಂತ ಮುದ್ರೆ ಇದ್ದರೆ ಅದು ಎರಡನೇ ಮಹಾಯುದ್ಧ ಮುಗಿದು ಜಪಾನ್ ಮಿತ್ರಪಡೆಗಳ ಹಿಡಿತದಲ್ಲಿದ್ದಾಗ, ಅಂದರೆ 1952ರೊಳಗೆ, ಹೊರಬಿದ್ದದ್ದು, ಆದರೆ ಮುದ್ರೆ ನಂಬಿ ಕುಣಿಯಬೇಡಿ, ಅದನ್ನೂ ನಕಲು ಮಾಡುತ್ತಾರೆ ಅನ್ನುತ್ತಿದ್ದರು. "ನೂರೈವತ್ತು ವರ್ಷದ ಮೇಜು" ಅಂತ ಚೀಟಿ ಕಟ್ಟಿದ್ದ ಒಂದರ ಡ್ರಾಯರ್ ಎಳೆದು, ಒಳಗಿನ ಪ್ಲಸ್ ತಲೆಯ ಸ್ಕ್ರೂ ತೋರಿಸಿ ಸುಮ್ಮನೆ ನನ್ನ ಮುಖ ನೋಡಿದ್ದರು. ಆ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಆಮೇಲೆ ರಿಪೇರಿಯಲ್ಲಿ ಹಾಕಿರಬಹುದು, ಅದು ಬೇರೆ. ಆದರೆ ಕೇಳಿ ನೋಡು ಅನ್ನುವ ಸೂಚನೆ ಅದು. ತಾನು ಮಾರಬೇಕಾದ ಸಾಮಾನಿನ ಹುಳುಕನ್ನು ತಾನೇ ತೋರಿಸುವ ಮನುಷ್ಯ ಸಂಬಳಕ್ಕಿರೋನು. ಹಳೇದು ಅಂತ ಮಾರುವ ನಕಲಿ ಗ್ರಾಮಫೋನಿನ ಕತೆ ಗೊತ್ತಲ್ಲ, ಹೊಸ ಮರದ ಪೆಟ್ಟಿಗೆ, ಥಳಥಳ ಹಿತ್ತಾಳೆ ಕೊಂಬು, ಒಳಗೆ ಯಾವುದೋ ಹಳೇ ಪೆಟ್ಟಿಗೆಯಿಂದ ಕಿತ್ತ ಮೋಟಾರು. ನಾನು ಅದಕ್ಕೆ ಕೈ ಹಾಕುವಾಗ ಕೆಮ್ಮಿ ಎಚ್ಚರಿಸಿದವರೂ ಅವರೇ. ಓನರ್ ಕೆಮ್ಮುತ್ತಿದ್ದರೇ?

ಈಗ ನೀವು ಹೇಳುವುದು ಗೊತ್ತು. "ಅಲ್ಲಿನ ಸಿಬ್ಬಂದಿ ಏನು ಸಾಚಾನಾ? ಕಳ್ಳರನ್ನು ಹಿಂಬಾಲಿಸಿದ ಹಾಗೆ ಹಿಂದೆಹಿಂದೆ ಬರ್ತಾರೆ, ಕಪಾಟು ತೆಗೀರಿ ಅಂದರೆ ಮುಖ ಗಂಟು ಹಾಕ್ಕೋತಾರೆ." ಬರುತ್ತಾರೆ. ನನ್ನ ಹಿಂದೆಯೂ ಬಂದಿದ್ದಾರೆ, ನನಗೂ ಕಿರಿಕಿರಿ ಆಗಿದೆ. ಆದರೆ ಕಾರಣ ನೋಡಿ. ಉಂಗುರ, ನಾಣ್ಯ, ಜೇಬುಗಡಿಯಾರ, ಎಲ್ಲ ಮುಷ್ಟಿಯಲ್ಲಿ ಅಡಗುವಂಥವು. ಕದಿಯುವ ಧೈರ್ಯ ಇಲ್ಲದ ಮರ್ಯಾದಸ್ಥರು ಚೀಟಿ ಬದಲಾಯಿಸುತ್ತಾರೆ, ಅಗ್ಗದ ಸಾಮಾನಿನದ್ದು ಬಿಚ್ಚಿ ದುಬಾರಿಯದಕ್ಕೆ ಕಟ್ಟುತ್ತಾರೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಮೊದಲ ಅನುಮಾನ ಯಾರ ಮೇಲೆ? ಬೀಗದ ಕೈ ಇದ್ದವಳ ಮೇಲೆ. ಅವಳು ನಿಮ್ಮ ಹಿಂದೆ ಬರುವುದು ನಿಮ್ಮ ಮೇಲಿನ ಅನುಮಾನದಿಂದ ಅಲ್ಲ ಸ್ವಾಮಿ, ತನ್ನ ಮೇಲೆ ಅನುಮಾನ ಬರದಿರಲಿ ಅಂತ. ಇನ್ನು ಸಿಡುಕು. ಕೆಲವರು ಸಿಡುಕರು, ಒಪ್ಪಿದೆ. ಬ್ಯಾಂಕಿನಲ್ಲೂ ಇದ್ದಾರೆ, ನಮ್ಮ ಮನೆಯಲ್ಲೂ ಇದ್ದಾರೆ. ಮುಂದಿನ ಮಾತಿಗೆ ಬನ್ನಿ.

ಗಿರಾಕಿಯ ಮೇಲೂ ನನಗೆ ಪೂರ್ತಿ ಕೋಪವಿಲ್ಲ ಅಂದರೆ ನಂಬುತ್ತೀರಾ? ಚೀಟಿಯಲ್ಲಿ "ಓಡುತ್ತದೆ" ಅಂತ ಇತ್ತು, ದುಡ್ಡು ಕೊಟ್ಟಿದ್ದಾರೆ, ಮನೆಯಲ್ಲಿ ಓಡಲಿಲ್ಲ. ಯಾರನ್ನೋ ಕೇಳಬೇಕು. ಕೇಳಲು ಸಿಗುವ ಮುಖ ಆ ಹುಡುಗಿಯದೊಂದೇ. ಹಾಗೆ ಸಿಗುವಂತೆ ಮಾಡಿಟ್ಟವರು ಯಾರು? ಚೀಟಿಯ ಮೇಲೆ ಡೀಲರ್‌ನ ಸಂಕೇತ ಸಂಖ್ಯೆ ಮಾತ್ರ, ಹೆಸರಿಲ್ಲ, ಫೋನಿಲ್ಲ. ವಾಪಸ್ ಇಲ್ಲ ಅನ್ನುವ ನಿಯಮ ಬಿಲ್ಲಿನ ಹಿಂಬದಿಯಲ್ಲಿ ಇರುವೆ ಸಾಲಿನ ಅಕ್ಷರದಲ್ಲಿ. ಮಾಲ್‌ನವರಿಗೆ ಬಾಡಿಗೆ ಬಂತು, ಡೀಲರ್‌ಗೆ ದುಡ್ಡು ಬಂತು, ಜಗಳ ಮಾತ್ರ ಇಬ್ಬರ ಹತ್ತಿರವೂ ಸುಳಿಯುವುದಿಲ್ಲ. ಅದನ್ನು ತಡೆಯಲೆಂದೇ ಒಬ್ಬಳನ್ನು ನಿಲ್ಲಿಸಿದ್ದಾರೆ, ಅದೂ ಸ್ಟೂಲಿಲ್ಲದೆ.

ಸರಿಪಡಿಸುವುದು ಬ್ರಹ್ಮವಿದ್ಯೆಯೇನಲ್ಲ. ಗಡಿಯಾರ, ರೇಡಿಯೋ, ಗ್ರಾಮಫೋನ್ ಥರದ್ದನ್ನು ಮಾರುವಾಗ ಗಿರಾಕಿಯ ಎದುರು ಓಡಿಸಿ ತೋರಿಸಿ, ಬಿಲ್ಲಿನ ಮೇಲೆ "ನೋಡಿದ್ದೇನೆ" ಅಂತ ಸಹಿ ಹಾಕಿಸಿಕೊಳ್ಳಲಿ. ಒಯ್ಯುವ ಬಗೆ ಒಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಡಲಿ. ವಾಪಸಿನ ನಿಯಮ ಬಾಗಿಲಲ್ಲೇ ದಪ್ಪಕ್ಷರದಲ್ಲಿ ಇರಲಿ. ದೂರು ಬಂದರೆ ಡೀಲರ್ ಫೋನ್ ಎತ್ತಲೇಬೇಕು ಅಂತ ಬಾಡಿಗೆ ಕರಾರಿನಲ್ಲೇ ಬರೆಸಲಿ. ಮತ್ತೆ ಆ ಮ್ಯಾನೇಜರ್ ಮಹಾಶಯರು, ಬೈಯಲೇಬೇಕಿದ್ದರೆ ಒಳಗಿನ ಕೋಣೆಗೆ ಕರೆದು ಬೈಯಲಿ, ಅದಕ್ಕೂ ಮೊದಲು ಗಡಿಯಾರದ ಬಾಗಿಲು ತೆಗೆದು ಒಂದು ಸಲ ನೋಡಲಿ.

ನೀವು ಅಲ್ಲೇ ಯಾಕೆ ಮಾತಾಡಲಿಲ್ಲ ಅಂತ ಕೇಳುವವರಿಗೆ: ಮಾತಾಡಿದೆ. ಮ್ಯಾನೇಜರ್‌ಗೆ ಆ ತಿರುಚಿದ ಪಟ್ಟಿ ತೋರಿಸಿದೆ, ಅವಳು ಹೇಳಿದ್ದು ಸರಿ ಅಂದೆ. "ನೀವು ಯಾರ ಕಡೆಯವರು?" ಅಂತ ಗಿರಾಕಿ ನನ್ನನ್ನೇ ಕೇಳಿದರು. ಮ್ಯಾನೇಜರ್ ನನಗೂ ಅದೇ ಹಲ್ಲು ಕಿಸಿದು "ನೋಡ್ಕೋತೀವಿ ಬಿಡಿ" ಅಂದರು.

ಮನೆಗೆ ಬಂದ ಮೇಲೆ ಆ ಮಾಲ್‌ನ ರಿವ್ಯೂ ಪುಟ ತೆಗೆದೆ. ಮಹಾಶಯರು ಆಗಲೇ ಒಂದು ಸ್ಟಾರ್ ಹಾಕಿ, ಹುಡುಗಿಯ ಹೆಸರು ಹಿಡಿದು "ಅಹಂಕಾರದ ಸಿಬ್ಬಂದಿ" ಅಂತ ಬರೆದಾಗಿತ್ತು. ಕೆಳಗೆ ನಾನೂ ನಡೆದದ್ದನ್ನು ನಡೆದ ಹಾಗೆ ಬರೆದೆ. ಅವಳ ಹೆಸರು ಮಾತ್ರ ಹಾಕಲಿಲ್ಲ. ಹಾಕಿದರೆ, ನಾಳೆ ಬೆಳಗ್ಗೆ "ಯಾರ ಹತ್ರ ಹೇಳಿ ಬರೆಸಿದೆ?" ಅನ್ನುವುದಕ್ಕೂ ಅವಳೇ ಉತ್ತರ ಕೊಡಬೇಕು.