ಯೂಸ್ ಕೇಸ್ ಬರೆದ ಮೇಲೆಯೇ ಕೋಡ್‌ಗೆ ಕೈ ಹಾಕಬೇಕೆ? ಪರ–ವಿರೋಧ

ಪರ: ಕೆಲಸ ಕೆಡುವ ಜಾಗಗಳು ಮೊದಲೇ ಗೊತ್ತಾಗಲಿ

"ಬಳಕೆದಾರರಿಗೆ ಟಿಕೆಟ್ ರದ್ದು ಮಾಡುವ ಸೌಲಭ್ಯ ಇರಬೇಕು." ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಹೇಳುವ ರಿಕ್ವೈರ್‌ಮೆಂಟ್ ಪಟ್ಟಿಯಲ್ಲಿ ಇಂಥ ಸಾಲಿಗೆ ಯಾರೂ ತಕರಾರು ತೆಗೆಯುವುದಿಲ್ಲ. ನಾಲ್ಕು ಸೀಟಿನ ಟಿಕೆಟ್‌ನಲ್ಲಿ ಒಂದನ್ನಷ್ಟೇ ರದ್ದು ಮಾಡಬಹುದೆ, ಹಣ ವಾಪಸ್ ಮಾಡುವಾಗ ಪೇಮೆಂಟ್ ಗೇಟ್‌ವೇ (ಹಣದ ಪಾವತಿ ನಡೆಸಿಕೊಡುವ ಹೊರಗಿನ ಸೇವೆ) ಉತ್ತರವನ್ನೇ ಕೊಡದೆ ಹೋದರೆ ಏನು ಗತಿ ಎಂಬ ಪ್ರಶ್ನೆಗಳು ಏಳುವುದು ಡೆವಲಪರ್ ಕೋಡ್ ಬರೆಯಲು ಕೂತ ಮೇಲೆ. ಅಷ್ಟು ಹೊತ್ತಿಗೆ ಉತ್ತರ ಹೇಳಬೇಕಾದವರು ಬೇರೆ ಕೆಲಸದಲ್ಲಿ ಮುಳುಗಿರುತ್ತಾರೆ. ಡೆವಲಪರ್ ತಮಗೆ ತೋಚಿದ್ದನ್ನು ಬರೆದು ಮುಂದೆ ಹೋಗುತ್ತಾರೆ, ಆ ತೀರ್ಮಾನ ಯಾರ ಕಣ್ಣಿಗೂ ಬೀಳದೆ ಕೋಡ್‌ನಲ್ಲಿ ಉಳಿದುಬಿಡುತ್ತದೆ. ಈ ಪ್ರಶ್ನೆಗಳನ್ನು ಕೋಡ್‌ಗೂ ಮೊದಲೇ ಎಬ್ಬಿಸುತ್ತದೆ ಎಂಬ ಕಾರಣಕ್ಕೇ ಯೂಸ್ ಕೇಸ್ ಬರೆಯಬೇಕು. ಯೂಸ್ ಕೇಸ್ ಎಂದರೆ ಒಂದು ಗುರಿ ಮುಟ್ಟಲು ಬಳಕೆದಾರರು ಏನು ಮಾಡುತ್ತಾರೆ, ಸಿಸ್ಟಮ್ ಏನು ಮಾಡುತ್ತದೆ ಎಂದು ಹಂತ ಹಂತವಾಗಿ ಹೇಳುವ ಬರಹ.

ಟಿಕೆಟ್ ರದ್ದತಿಯನ್ನೇ ನೋಡೋಣ. ಎಲ್ಲವೂ ಸರಿಯಾಗಿ ನಡೆದಾಗಿನ ಮುಖ್ಯ ಹಾದಿ ಇಷ್ಟು:

1. ಪ್ರಯಾಣಿಕರು ರದ್ದು ಮಾಡಬೇಕಾದ ಟಿಕೆಟ್ ಆರಿಸುತ್ತಾರೆ.
2. ಸಿಸ್ಟಮ್ ಕಡಿತದ ಮೊತ್ತವನ್ನೂ ವಾಪಸ್ ಬರುವ ಮೊತ್ತವನ್ನೂ ತೋರಿಸುತ್ತದೆ.
3. ಪ್ರಯಾಣಿಕರು ಒಪ್ಪಿಗೆ ಕೊಡುತ್ತಾರೆ.
4. ಸಿಸ್ಟಮ್ ಟಿಕೆಟ್ ರದ್ದು ಮಾಡಿ ಸೀಟನ್ನು ಖಾಲಿ ಎಂದು ಗುರುತಿಸುತ್ತದೆ.
5. ಸಿಸ್ಟಮ್ ಗೇಟ್‌ವೇಗೆ ರೀಫಂಡ್ ಕೋರಿಕೆ ಕಳಿಸುತ್ತದೆ, ಗೇಟ್‌ವೇ ಖಚಿತಪಡಿಸುತ್ತದೆ.
6. ಸಿಸ್ಟಮ್ ಪ್ರಯಾಣಿಕರಿಗೆ ರಸೀದಿ ಕಳಿಸುತ್ತದೆ.

ಇಷ್ಟು ಬರೆಯುವುದು ಸುಲಭ. ಅಸಲಿ ಕೆಲಸ ಇಲ್ಲಿಂದ ಶುರು. ಒಂದೊಂದು ಹಂತಕ್ಕೂ ಬೆರಳಿಟ್ಟು "ಇಲ್ಲಿ ಏನೇನು ಕೆಡಬಹುದು?" ಎಂದು ಕೇಳುತ್ತಾ ಹೋಗಬೇಕು. ಮೂರನೇ ಹಂತಕ್ಕೆ ಬಂದಾಗ ಒಂದು ಸಿಗುತ್ತದೆ: ಪ್ರಯಾಣಿಕರು ಯೋಚಿಸುತ್ತಾ ಕೂತಿದ್ದಾಗ ಗಡುವು ದಾಟಿ ಕಡಿತ ಹೆಚ್ಚಾಯಿತು. ಇದು 3ಅ, ಅಂದರೆ ಮೂರನೇ ಹಂತದ ಮೊದಲ ಅಪವಾದ; ಹೊಸ ಮೊತ್ತ ತೋರಿಸಲು ಹಂತ 2ಕ್ಕೆ ಮರಳಬೇಕು. ಐದನೇ ಹಂತದಲ್ಲಿ ಎರಡು ಸಿಗುತ್ತವೆ. 5ಅ: ಗೇಟ್‌ವೇಯಿಂದ ಉತ್ತರ ಬರಲಿಲ್ಲ. ಹಣ ಹೋಗಿದೆಯೋ ಇಲ್ಲವೋ ತಿಳಿಯದು. ಇಲ್ಲಿ ಹೊಸ ಕೋರಿಕೆ ಕಳಿಸಿದರೆ ಎರಡು ಸಲ ರೀಫಂಡ್ ಆಗುವ ಅಪಾಯವಿದೆ. ಹಾಗಾಗಿ "ರೀಫಂಡ್ ಬಾಕಿ ಎಂದು ಗುರುತಿಸಿ, ಅದೇ ಕೋರಿಕೆ ಸಂಖ್ಯೆಯ ಸ್ಥಿತಿಯನ್ನು ಮತ್ತೆ ವಿಚಾರಿಸುತ್ತದೆ" ಎಂದು ಸ್ಪಷ್ಟವಾಗಿ ಬರೆಯಬೇಕು. 5ಬ: ಹಣ ಕಟ್ಟಿದ ಖಾತೆ ಮುಚ್ಚಿರುವುದರಿಂದ ಗೇಟ್‌ವೇ ನಿರಾಕರಿಸಿತು. ಟಿಕೆಟ್ ಆಗಲೇ ರದ್ದಾಗಿದೆ, ಸೀಟು ಬೇರೆಯವರಿಗೆ ಹೋಗಿರಲೂಬಹುದು. ಈಗ ಹಣವನ್ನು ಬೇರೆ ದಾರಿಯಲ್ಲಿ ತಲುಪಿಸಬೇಕಾದವರು ಯಾರು? ಲೆಕ್ಕ ವಿಭಾಗದ ಸಿಬ್ಬಂದಿ. ಅವರು ಅಲ್ಲಿಯವರೆಗೂ ಚಿತ್ರದಲ್ಲೇ ಇರಲಿಲ್ಲ! ಒಂದು ಅಪವಾದದ ಹಾದಿಯನ್ನು ಹಿಡಿದು ಹೋದದ್ದರಿಂದ ಹೊಸ ಆಕ್ಟರ್ (ಸಿಸ್ಟಮ್ ಜೊತೆ ವ್ಯವಹರಿಸುವ ಹೊರಗಿನ ಪಾತ್ರ) ಸಿಕ್ಕರು, "ಬಾಕಿ ರೀಫಂಡ್ ಇತ್ಯರ್ಥ" ಎಂಬ ಹೊಸ ಯೂಸ್ ಕೇಸ್ ಸಿಕ್ಕಿತು. ಒಂದೇ ಸಾಲಿನ ಪಟ್ಟಿಯನ್ನು ಎಷ್ಟು ಸಲ ಓದಿದರೂ ಇವು ಸಿಗುತ್ತಿರಲಿಲ್ಲ.

ಇವಾರ್ ಜೇಕಬ್ಸನ್ ಈ ವಿಧಾನವನ್ನು ರೂಪಿಸಿದ್ದು ಎರಿಕ್ಸನ್ ಕಂಪನಿಯ ದೂರವಾಣಿ ವಿನಿಮಯ ವ್ಯವಸ್ಥೆಗಳ ಕೆಲಸದ ನಡುವೆ. ಪ್ರಬಂಧವಾಗಿ ಮಂಡಿಸಿದ್ದು 1987ರಲ್ಲಿ. ಕರೆ ಮಾಡಿದವರು ನಡುವೆ ಫೋನ್ ಇಟ್ಟರೆ, ಆ ಕಡೆಯ ಲೈನ್ ಬ್ಯುಸಿ ಇದ್ದರೆ ಎಂದು ಅಪವಾದಗಳೇ ತುಂಬಿದ ಕ್ಷೇತ್ರ ಅದು.

ಯೂಸ್ ಕೇಸ್‌ಗಳ ಜೊತೆ ಬಿಡಿಸುವ ಚಿತ್ರದ ಕೆಲಸ ಸಣ್ಣದು, ಆದರೂ ಬೇಕು. ಸಿಸ್ಟಮ್‌ನ ಗಡಿ ತೋರಿಸಲು ಒಂದು ಚೌಕ, ಒಳಗೆ ಗುರಿಗಳ ಅಂಡಾಕೃತಿಗಳು, ಹೊರಗೆ ಕಡ್ಡಿ ಮನುಷ್ಯರು. ಆಕ್ಟರ್ ಎಂದರೆ ವ್ಯಕ್ತಿಯಲ್ಲ, ಪಾತ್ರ. ಗೇಟ್‌ವೇಯಂಥ ಹೊರಗಿನ ಸಾಫ್ಟ್‌ವೇರ್ ಕೂಡ ಆಕ್ಟರೇ. ಯಾವುದು ನಾವು ಕಟ್ಟುವುದು, ಯಾವುದು ಹೊರಗಿನದು ಎಂಬ ಜಗಳ ಈ ಚೌಕದ ಗೆರೆಯ ಮೇಲೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಯಾವುದು ಅಂಡಾಕೃತಿಯಾಗಬೇಕು ಎನ್ನುವುದಕ್ಕೆ, ಯೂಸ್ ಕೇಸ್ ಬಗ್ಗೆ ಪುಸ್ತಕ ಬರೆದ ಅಲಿಸ್ಟೇರ್ ಕೋಬರ್ನ್ ಕೊಡುವ ಅಳತೆ ಉಪಯುಕ್ತ: ಒಬ್ಬರು ಒಂದೇ ಸಲ ಕೂತು ಸುಮಾರು 2ರಿಂದ 20 ನಿಮಿಷದಲ್ಲಿ ಮುಗಿಸಿ, ಕೆಲಸ ಆಯಿತು ಎಂದು ಏಳಬಹುದಾದದ್ದು. ಲಾಗಿನ್ ಆದೆ ಎಂದು ಯಾರೂ ತೃಪ್ತಿಯಿಂದ ಏಳುವುದಿಲ್ಲ, ಆದ್ದರಿಂದ ಲಾಗಿನ್ ಗುರಿಯಲ್ಲ. ಟಿಕೆಟ್ ರದ್ದತಿ ಗುರಿ.

ಯೂಸ್ ಕೇಸ್ ಕೆಟ್ಟಿತು ಎನ್ನುವವರ ದಸ್ತಾವೇಜು ತೆರೆದರೆ ಹೆಚ್ಚಾಗಿ ಹಂತಗಳಲ್ಲಿ ಬಟನ್, ಡ್ರಾಪ್‌ಡೌನ್‌ಗಳ ಹೆಸರು ಕಾಣುತ್ತದೆ. ಪರದೆ ಬದಲಾದ ಕೂಡಲೇ ಬರಹವೂ ಹಳತಾಗುತ್ತದೆ. "ಒಪ್ಪಿಗೆ ಕೊಡುತ್ತಾರೆ" ಎಂದು ಬರೆದರೆ ಅದು ಮೊಬೈಲ್ ಆ್ಯಪ್‌ಗೂ ಕೌಂಟರಿನ ಸಿಬ್ಬಂದಿಗೂ ಸಲ್ಲುತ್ತದೆ. ಇನ್ನೊಂದು ಕೊರತೆ, ಕನಿಷ್ಠ ಖಾತರಿಯನ್ನು ಬಿಟ್ಟುಬಿಡುವುದು. "ಎಲ್ಲಿ ಕೈಕೊಟ್ಟರೂ, ಟಿಕೆಟ್ ರದ್ದಾಗಿ ರೀಫಂಡ್ ದಾಖಲೆಯೇ ಇಲ್ಲದ ಸ್ಥಿತಿ ಬರಬಾರದು" ಎಂಬ ಒಂದು ವಾಕ್ಯ ಡೇಟಾಬೇಸ್ ವಿನ್ಯಾಸ ಮಾಡುವವರಿಗೆ ಹತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ. ಟೆಸ್ಟರ್‌ಗಳಿಗೂ ಕೆಲಸ ಸಿದ್ಧವಾಗಿ ಸಿಗುತ್ತದೆ: ಮುಖ್ಯ ಹಾದಿಗೆ ಒಂದು ಟೆಸ್ಟ್, 3ಅ, 5ಅ, 5ಬ ಒಂದೊಂದಕ್ಕೂ ಕನಿಷ್ಠ ಒಂದೊಂದು. ಕೋಡ್ ಬರುವ ಮೊದಲೇ ಅವರು ಬರೆಯಲು ಕೂರಬಹುದು.

ವಿರೋಧ: ಕಷ್ಟದ ಭಾಗ ಹಂತಗಳ ನಡುವೆ ಜಾರಿಹೋಗುತ್ತದೆ

ಮೇಲಿನ ಎರಡನೇ ಹಂತವನ್ನು ಇನ್ನೊಮ್ಮೆ ಓದಿ. "ಸಿಸ್ಟಮ್ ಕಡಿತದ ಮೊತ್ತವನ್ನು ತೋರಿಸುತ್ತದೆ." ಎಷ್ಟು ಕಡಿತ? ಟಿಕೆಟ್ ರದ್ದತಿಯಲ್ಲಿ ಅತಿ ಹೆಚ್ಚು ದೂರು ಹುಟ್ಟಿಸಬಲ್ಲ ವಿಷಯವೇ ಅದು, ಯೂಸ್ ಕೇಸ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ವಾಕ್ಯ. ಹೊರಡುವ ಸಮಯಕ್ಕೆ ಎಷ್ಟು ಗಂಟೆ ಬಾಕಿ ಇದೆ ಎಂಬುದಕ್ಕೆ ಮೂರು ಪಟ್ಟೆ, ರಿಯಾಯಿತಿ ಟಿಕೆಟ್ಟೋ ಅಲ್ಲವೋ ಎಂದು ಎರಡು, ರದ್ದು ಮಾಡಿದ್ದು ಪ್ರಯಾಣಿಕರೋ ಸಂಸ್ಥೆಯೋ ಎಂದು ಎರಡು: ಗುಣಿಸಿದರೆ 12 ಸಂದರ್ಭ. ಇದನ್ನು 2ಅ, 2ಬ ಎಂದು ಅಪವಾದಗಳಾಗಿ ಬರೆಯಲು ಹೊರಟರೆ ಓದುಗರು ನಾಲ್ಕನೆಯದರಲ್ಲೇ ದಾರಿ ತಪ್ಪುತ್ತಾರೆ. 12 ಸಾಲಿನ ತೀರ್ಮಾನ ಕೋಷ್ಟಕ ಅರ್ಧ ಪುಟದಲ್ಲಿ ಮುಗಿಯುತ್ತದೆ, ಬಿಟ್ಟುಹೋದ ಸಾಲು ತಾನಾಗಿ ಎದ್ದು ಕಾಣುತ್ತದೆ. ಪ್ರತ್ಯೇಕ ಕೋಷ್ಟಕ ಜೋಡಿಸಿ ಎಂದು ಯೂಸ್ ಕೇಸ್ ಪಕ್ಷದವರೂ ಹೇಳುತ್ತಾರೆ. ಸರಿ, ಆದರೆ ಆಗ ನಿಯಮವನ್ನು ಹಿಡಿದಿಟ್ಟದ್ದು ಕೋಷ್ಟಕ.

ಇದಕ್ಕಿಂತ ದೊಡ್ಡ ತೊಂದರೆ, ಯೂಸ್ ಕೇಸ್ ಒಮ್ಮೆಗೆ ಒಂದು ಗುರಿಯನ್ನಷ್ಟೇ ನೋಡುತ್ತದೆ ಎಂಬುದು. ಪ್ರಯಾಣಿಕರು ಮೂರನೇ ಹಂತದಲ್ಲಿದ್ದಾರೆ. ಅದೇ ಕ್ಷಣ ಸಿಬ್ಬಂದಿ ಇಡೀ ಪ್ರಯಾಣವನ್ನೇ ರದ್ದು ಮಾಡುತ್ತಾರೆ. ಪ್ರಯಾಣಿಕರ ಯೂಸ್ ಕೇಸ್ ಪ್ರಕಾರ ಕಡಿತ ಇದೆ, ಸಿಬ್ಬಂದಿಯ ಯೂಸ್ ಕೇಸ್ ಪ್ರಕಾರ ಪೂರ್ತಿ ಹಣ ವಾಪಸ್. ಎರಡೂ ಬರಹ ತಮ್ಮಷ್ಟಕ್ಕೆ ಸರಿ. ಡಿಕ್ಕಿ ಆಗುವುದು ಅವುಗಳ ನಡುವೆ, ಆ ಜಾಗಕ್ಕೆ ನಮೂನೆಯಲ್ಲಿ ಹೆಸರೇ ಇಲ್ಲ. ಎರಡು ರೀಫಂಡ್ ಹೊರಡುವ ದೋಷಗಳು ಇಂಥ ಜಾಗದಲ್ಲೇ ಹುಟ್ಟುತ್ತವೆ.

ಚಿತ್ರದ ಬಗ್ಗೆ ಹೇಳುವುದಾದರೆ, ಅದರ ಮೇಲೆ ಸುರಿಯುವ ಸಮಯ ಅದು ಕೊಡುವ ಮಾಹಿತಿಗೆ ಸಮನಾಗುವುದಿಲ್ಲ. ಒಂದು ಯೂಸ್ ಕೇಸ್ ಇನ್ನೊಂದನ್ನು ಒಳಗೊಳ್ಳುತ್ತದೆ ಎಂದು ತೋರಿಸುವ ಇನ್‌ಕ್ಲೂಡ್ ಬಾಣ ಮೂಲ ಯೂಸ್ ಕೇಸ್‌ನಿಂದ ಸೇರಿಕೊಳ್ಳುವುದರ ಕಡೆಗೆ ಹೋಗುತ್ತದೆ. ಕೆಲವು ಸಂದರ್ಭಗಳಲ್ಲಷ್ಟೇ ಒಂದು ಇನ್ನೊಂದನ್ನು ವಿಸ್ತರಿಸುತ್ತದೆ ಎಂದು ತೋರಿಸುವ ಎಕ್ಸ್‌ಟೆಂಡ್ ಬಾಣ ವಿಸ್ತರಿಸುವುದರಿಂದ ಮೂಲದ ಕಡೆಗೆ. ಎರಡೂ ಚುಕ್ಕಿಗೆರೆಯವೇ, ದಿಕ್ಕು ಮಾತ್ರ ಉಲ್ಟಾ. ವ್ಯವಹಾರದ ಕಡೆಯವರು ಇದನ್ನು ನೆನಪಿಟ್ಟುಕೊಳ್ಳಲಿ ಎಂದು ಬಯಸುವುದೇ ತಪ್ಪು. 1997ರಲ್ಲಿ ಒಪ್ಪಿಗೆ ಪಡೆದ ಯುಎಂಎಲ್ (ಇಂಥ ಚಿತ್ರಗಳ ಪ್ರಮಾಣಿತ ಭಾಷೆ) 1.1ರಲ್ಲಿ ಈ ಸಂಬಂಧಗಳ ಹೆಸರೇ ಬೇರೆ ಇತ್ತು, 1.3ರಲ್ಲಿ ಬದಲಾಯಿಸಿದರು. ಇವನ್ನು ಧಾರಾಳವಾಗಿ ಬಳಸಿದ ತಂಡಗಳ ಚಿತ್ರ ನೋಡಿ: "ಸೀಟು ಪರಿಶೀಲಿಸು", "ಮೊತ್ತ ಲೆಕ್ಕ ಹಾಕು", "ಲಾಗ್ ಬರೆ" ಎಂದು ಫಂಕ್ಷನ್‌ಗಳ ಹೆಸರೆಲ್ಲ ಅಂಡಾಕೃತಿಗಳಾಗಿರುತ್ತವೆ. ಅಲ್ಲಿರುವುದು ರಿಕ್ವೈರ್‌ಮೆಂಟ್ ಅಲ್ಲ, ಬಾಣ ಹಾಕಿದ ಅರೆಬೆಂದ ವಿನ್ಯಾಸ.

ಕೆಲಸ ಎಷ್ಟು ಹಿಡಿಯಬಹುದು ಎಂಬ ಅಂದಾಜಿಗೆ ಯೂಸ್ ಕೇಸ್ ಅನುಕೂಲ ಎಂಬ ವಾದವೂ ಇದೆ. ಗುಸ್ತಾವ್ ಕಾರ್ನರ್ 1993ರಲ್ಲಿ ರೂಪಿಸಿದ ಲೆಕ್ಕದಲ್ಲಿ 3 ಟ್ರಾನ್ಸಾಕ್ಷನ್‌ವರೆಗಿನ (ಕೋರಿಕೆ, ಅದಕ್ಕೆ ಸಿಸ್ಟಮ್‌ನ ಉತ್ತರ ಸೇರಿ ಒಂದು) ಯೂಸ್ ಕೇಸ್‌ಗೆ 5 ಅಂಕ, 4ರಿಂದ 7ಕ್ಕೆ 10, ಅದಕ್ಕೂ ಮೇಲಿನದಕ್ಕೆ 15. ಒಂದು ಹಂತವನ್ನು ಬಿಡಿಸಿ ಎರಡಾಗಿ ಎಣಿಸಿದರೆ 7 ಇದ್ದದ್ದು 8 ಆಗಿ ತೂಕ ಒಂದೂವರೆ ಪಟ್ಟಾಗುತ್ತದೆ. ಬರೆಯುವವರ ಬರವಣಿಗೆಯ ಶೈಲಿ ಬಜೆಟ್ ಅನ್ನು ನಿರ್ಧರಿಸಬಾರದು.

ಇನ್ನು ನಿರ್ವಹಣೆ. ನಾಲ್ಕನೇ ಹಂತಕ್ಕೆ ಮುಂಚೆ ಓಟಿಪಿ ಪರಿಶೀಲನೆ ಸೇರಿತು ಎನ್ನಿ. 5ಅ ಈಗ 6ಅ. ಟೆಸ್ಟ್ ಪಟ್ಟಿಯಲ್ಲಿ, ಕೋಡ್ ಕಾಮೆಂಟ್‌ನಲ್ಲಿ, ದೋಷಗಳ ದಾಖಲೆಗಳಲ್ಲಿ 5ಅ ಎಂದು ಬರೆದದ್ದೆಲ್ಲ ಸದ್ದಿಲ್ಲದೆ ತಪ್ಪಾಯಿತು. ದಸ್ತಾವೇಜು ತಾನು ಹಳತಾಗಿದೆ ಎಂದು ಎಚ್ಚರಿಸುವುದಿಲ್ಲ. "ಇಂಥ ಸ್ಥಿತಿ ಇದ್ದು, ಇಂಥದ್ದು ನಡೆದರೆ, ಇಂಥ ಫಲ ಬರಬೇಕು" ಎಂದು ಬರೆದು ಯಂತ್ರದಲ್ಲೇ ಓಡಿಸುವ ಉದಾಹರಣೆಗಳು ಎಚ್ಚರಿಸುತ್ತವೆ: ಕೋಡ್ ಬೇರೆ ದಾರಿ ಹಿಡಿದ ದಿನವೇ ಟೆಸ್ಟ್ ಕೆಂಪಾಗುತ್ತದೆ. ಸ್ವತಃ ಜೇಕಬ್ಸನ್ ಮತ್ತು ಸಂಗಡಿಗರು 2011ರಲ್ಲಿ ಯೂಸ್ ಕೇಸ್ 2.0 ಎಂದು ಹೊರತಂದಾಗ, ಯೂಸ್ ಕೇಸನ್ನು ತೆಳು ಹೋಳುಗಳಾಗಿ ಮಾಡಿ ಒಂದೊಂದಕ್ಕೂ ಟೆಸ್ಟ್ ಜೋಡಿಸುವುದನ್ನೇ ಮುಂದಿಟ್ಟರು. ಅಷ್ಟು ದೂರ ಬಂದ ಮೇಲೆ ಬಳಕೆದಾರರಿಗೆ ಏನು ಬೇಕು ಎಂದು ಒಂದೆರಡು ಸಾಲಿನಲ್ಲಿ ಹೇಳುವ ಯೂಸರ್ ಸ್ಟೋರಿಯಿಂದಲೇ ಶುರು ಮಾಡುವುದು ಹಗುರ.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಟಿಕೆಟ್‌ನ ಸ್ಥಿತಿಗಳನ್ನು ಎಡಗಡೆ ಬರೆಯಿರಿ: ಕಾಯ್ದಿರಿಸಿದೆ, ಹಣ ಬಂದಿದೆ, ರೀಫಂಡ್ ಬಾಕಿ, ರೀಫಂಡ್ ಆಗಿದೆ, ಪ್ರಯಾಣ ಮುಗಿದಿದೆ. ಮೇಲುಗಡೆ ಘಟನೆಗಳು: ಪ್ರಯಾಣಿಕರು ರದ್ದು ಕೇಳಿದರು, ಸಂಸ್ಥೆ ಪ್ರಯಾಣ ರದ್ದು ಮಾಡಿತು, ಗೇಟ್‌ವೇ ಉತ್ತರ ತಡವಾಗಿ ಬಂತು, ದಿನಾಂಕ ಬದಲಾಯಿತು. 20 ಮನೆಗಳು. ವಿಷಯ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ತುಂಬಿ. "ಆಗಲು ಸಾಧ್ಯವಿಲ್ಲ" ಎಂದರೂ ಹಾಗೆಂದೇ ಬರೆಯಿರಿ, ಖಾಲಿ ಬಿಡಬೇಡಿ. ರೀಫಂಡ್ ಬಾಕಿ ಇರುವಾಗ ಸಂಸ್ಥೆ ಪ್ರಯಾಣ ರದ್ದು ಮಾಡಿದರೆ ಕಡಿತದ ಮೊತ್ತವನ್ನೂ ಮರಳಿಸಬೇಕೆ ಎಂಬ ಪ್ರಶ್ನೆ ಆ ಸಾಲಿನ ಎರಡನೇ ಮನೆಯಲ್ಲಿ ಎದುರಾಗುತ್ತದೆ. ಅದಕ್ಕೆ ಉತ್ತರ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನೂ ಆ ಮನೆಯಲ್ಲೇ ಬರೆದುಕೊಳ್ಳಿ.